ಎಡಮಗ್ಗುಲ ಗೆರೆ

ಪಡಿತರ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಖತೀಜಾಳನ್ನು ಗುರುತಿಸುತ್ತಿರಲಿಲ್ಲ. ಯಾವ ಬೆರಳು ಒತ್ತಿದರೂ ಕೆಂಪು ದೀಪ ತೋರಿಸಿ ಕೀರಲು ದನಿ ಮಾಡುತ್ತಿತ್ತು. ಮದುವೆಯಾಗಿ ರಾಮನಗರಕ್ಕೆ ಬಂದಾಗಿನಿಂದ ಅವಳು ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸಕ್ಕಿದ್ದಳು. ಕೈ ಸುಡುವ ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಅವುಗಳ ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕಿ ಹಿಡಿಯಬೇಕು, ಎಳೆ ಹರಿದರೆ ಮತ್ತೆ ನೀರಿಗೆ ಕೈ ಹಾಕಬೇಕು. ಹೀಗೆ ವರ್ಷಗಟ್ಟಲೆ ಬೆಂದ ಬೆರಳ ತುದಿಗಳು ಬೆಳ್ಳಗೆ, ನುಣ್ಣಗೆ, ಸ್ಪರ್ಶವೇ ಇಲ್ಲದಂತಾಗಿದ್ದವು.

ಆ ಬೇಸಿಗೆಯಲ್ಲಿ ಬಲಗೈ ತೋರುಬೆರಳು ಕೀವು ತುಂಬಿ ಬದನೆಕಾಯಿಯಂತೆ ಊದಿಕೊಂಡಿತು. ಕೀವು ತೆಗೆದ ಡಾಕ್ಟರು, "ಇನ್ನು ನೀರಿಗೆ ಕೈ ಹಾಕಬೇಡಿ. ಇನ್ನೊಂದು ಸಲ ಹೀಗಾದರೆ ಬೆರಳು ಉಳಿಯೋದಿಲ್ಲ" ಎಂದರು. ಖತೀಜಾಳಿಗೆ ಮೂವತ್ತೆಂಟು ವರ್ಷ. ಬೇರೆ ಕೆಲಸ ಗೊತ್ತಿರಲಿಲ್ಲ.

ಗಾಯ ಮಾಗುತ್ತಿದ್ದ ದಿನಗಳಲ್ಲೇ ಅವಳ ಗಂಡ ಸಾದಿಕ್ ತನ್ನ ಆಟೋಗೆ ಬಣ್ಣ ಹೊಡೆಸಲು ಚನ್ನಪಟ್ಟಣಕ್ಕೆ ಹೊರಟ. ಮನೆಯಲ್ಲಿ ಕೂತು ಬೇಸತ್ತಿದ್ದ ಖತೀಜಾಳೂ ಜೊತೆಗೆ ಹೋದಳು. ಊರು ಶುರುವಾಗುವಲ್ಲಿ, ಹಳೇ ಮೈಸೂರು ರಸ್ತೆಯ ಪಕ್ಕದಲ್ಲಿ, ವೆಂಕಟಯ್ಯನವರ ತಗಡಿನ ಶೆಡ್ಡು. ಬುಲೆಟ್ ಟ್ಯಾಂಕು, ಲಾರಿ ಬಾಗಿಲು, ಆಟೋ ಬೆನ್ನು, ಯಾವುದರ ಮೇಲಾದರೂ ಕೈಯಲ್ಲೇ ಗೆರೆ ಎಳೆಯುವವರು ಆ ಸುತ್ತಿನಲ್ಲಿ ಅವರೊಬ್ಬರೇ ಉಳಿದಿದ್ದರು. ಮಿಕ್ಕವರೆಲ್ಲ ಸ್ಟಿಕ್ಕರಿಗೆ ಹೋಗಿದ್ದರು.

ಖತೀಜಾ ಅವರ ಕೈಯನ್ನೇ ನೋಡುತ್ತಾ ಕೂತಳು. ಅಳತೆಪಟ್ಟಿ ಇಲ್ಲ, ಟೇಪು ಇಲ್ಲ. ಬೆರಳುದ್ದ ಕೂದಲಿನ, ಗಿಡ್ಡ ಹಿಡಿಯ ಒಂದು ಬ್ರಷ್ಷು. ಅದನ್ನು ಹಳದಿ ಬಣ್ಣದಲ್ಲಿ ಹೊರಳಿಸಿ ಆಟೋ ಮೈಗೆ ತಾಗಿಸಿ ಅವರು ನಡೆದರು, ಅಷ್ಟೆ. ಹಿಂದೆ ಗೆರೆ ಉಳಿಯಿತು. ಮೊದಲಿಂದ ಕೊನೆಯವರೆಗೆ ಒಂದೇ ದಪ್ಪ.

"ಬಿಸ್ಲಲ್ಲಿ ಯಾಕಮ್ಮ ಕುಂತಿದ್ದೀ? ಸಾಯಂಕಾಲ ಆಯ್ತದೆ. ಮನೇಗೋಗು" ಎಂದರು ವೆಂಕಟಯ್ಯ.

"ನೋಡ್ಬೇಕು ಅಣ್ಣ."

"ಏನ್ ನೋಡ್ತೀಯಾ?"

"ಗೆರೆ." ಆಮೇಲೆ ಅವಳೇ ಕೇಳಿದಳು, "ನಂಗೂ ಕಲಿಸ್ಕೊಡ್ತೀರಾ?"

ಪಕ್ಕದ ಪಂಕ್ಚರ್ ಅಂಗಡಿಯ ಮುನೇಶ್ ಜೋರಾಗಿ ನಕ್ಕ. ವೆಂಕಟಯ್ಯ ನಗಲಿಲ್ಲ. ಒಂದು ಗಾಜಿನ ತುಂಡನ್ನು ಅವಳ ಮುಂದಿಟ್ಟು ಬ್ರಷ್ಷು ಕೊಟ್ಟರು. "ಎಳಿ. ಒಂದೇ ಗೆರೆ."

ಅವಳು ಉಸಿರು ಬಿಗಿಹಿಡಿದು ಎಳೆದಳು. ವೆಂಕಟಯ್ಯ ಗಾಜನ್ನು ಎತ್ತಿ ಬೆಳಕಿಗೆ ಹಿಡಿದರು. "ರೇಷ್ಮೆ ಹುಳ ಹರಿದಂಗೈತೆ" ಎಂದು ಬಟ್ಟೆಯಲ್ಲಿ ಒರೆಸಿಬಿಟ್ಟರು. ಆಮೇಲೆ ಬೀಡಿ ಹಚ್ಚುತ್ತಾ, "ಬರೋದಾದ್ರೆ ನಾಳೆ ಬಾ. ಮೊದ್ಲು ಬ್ರಷ್ ತೊಳ್ಯೋದು ಕಲಿ" ಎಂದರು.

ಹಾಗೆ ಶುರುವಾಯಿತು. ಸಾದಿಕ್ ಬೆಳಿಗ್ಗೆ ಬಿಡುತ್ತಿದ್ದ, ಸಂಜೆ ಕರೆದೊಯ್ಯುತ್ತಿದ್ದ. ರಸ್ತೆ ಬದಿಯಲ್ಲಿ ಗಂಡಸರ ಗಾಡಿಗಳ ಪಕ್ಕ ಕುಕ್ಕರಗಾಲಲ್ಲಿ ಕೂರುವ ಹೆಂಗಸಿನ ಬಗ್ಗೆ ಓಣಿಯಲ್ಲಿ ಮಾತು ಹುಟ್ಟಿತು. ಸಾದಿಕ್ ಕೇಳಿಯೂ ಕೇಳದವನಂತೆ ಇದ್ದ. ಬಿರಿದ ಬೆರಳುಗಳಿಗೆ ಬ್ರಷ್ಷು ತೊಳೆಯುವ ಥಿನ್ನರ್ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅದಕ್ಕಿಂತ ಕಷ್ಟವೆಂದರೆ ಅವಳ ಬೆರಳ ತುದಿಗಳಿಗೆ ಬ್ರಷ್ಷಿನ ಭಾರವೇ ತಿಳಿಯುತ್ತಿರಲಿಲ್ಲ. ಒತ್ತಿದ್ದೇನೆಂದು ಗೊತ್ತಾಗುವಷ್ಟರಲ್ಲಿ ಗೆರೆ ದಪ್ಪಗಾಗಿ ಹೋಗಿರುತ್ತಿತ್ತು. ಇದನ್ನು ಕಂಡುಹಿಡಿದ ವೆಂಕಟಯ್ಯ ಒಂದು ದಿನ, "ಎಡಗೈ ಚಾಚು" ಎಂದರು. "ಒಣಾ ಬ್ರಷ್ಷಲ್ಲಿ ನಿನ್ ಮುಂಗೈ ಮ್ಯಾಲೆ ನೀನೇ ಎಳ್ಕೋ. ಬೆರಳಿಗೆ ಗೊತ್ತಾಗ್ದಿದ್ರೆ ಬುಡು, ಚರ್ಮಕ್ಕೆ ಗೊತ್ತಾಯ್ತದಲ್ಲ. ಕಚಗುಳಿ ಆಗ್ಬೇಕು, ಗೀರಬಾರ್ದು." ಮನೆಯಲ್ಲಿ ಅಡುಗೆಯಾದ ಮೇಲೂ ಅವಳು ಮುಂಗೈ ಮೇಲೆ ಒಣ ಬ್ರಷ್ಷು ಎಳೆದುಕೊಳ್ಳುತ್ತಾ ಕೂರುತ್ತಿದ್ದಳು.

ಮಳೆಗಾಲ ಕಳೆದು ದಸರೆ ದಾಟುವ ಹೊತ್ತಿಗೆ ಗಾಜಿನ ಮೇಲೆ ಗೆರೆ ನೆಟ್ಟಗಾಯಿತು. ಲಾರಿ ಬಾಗಿಲಿನ ಮೇಲೂ ನಿಂತಿತು. ಆಮೇಲೆ ವೆಂಕಟಯ್ಯ ಗುಜರಿಯಿಂದ ತಂದ ಒಂದು ಬುಲೆಟ್ ಟ್ಯಾಂಕನ್ನು ಹಲಗೆಗೆ ಕಟ್ಟಿ ಕೊಟ್ಟರು. ಅಲ್ಲಿ ಅವಳು ಸಿಕ್ಕಿಬಿದ್ದಳು. ಟ್ಯಾಂಕಿನ ಮೂಗಿನಿಂದ ಹೊರಟ ಗೆರೆ, ಸವಾರನ ಮೊಣಕಾಲು ತಾಗುವ ತಗ್ಗಿನ ಮೇಲೆ ಏರಿ, ತಿರುಗಿ, ಸೀಟಿನ ಕಡೆಗೆ ಇಳಿಯಬೇಕು. ಬಲಮಗ್ಗುಲಲ್ಲಿ ಅದು ಹೇಗೋ ಬರುತ್ತಿತ್ತು. ಎಡಮಗ್ಗುಲಲ್ಲಿ ಅದೇ ತಿರುವು ಕೈಯನ್ನು ಹೊರಕ್ಕೆ ದೂಡುತ್ತಿತ್ತು. ಪ್ರತಿ ಸಲವೂ ತಿರುವಿನಲ್ಲಿ ಗೆರೆ ಗಂಟು ಕಟ್ಟಿಕೊಳ್ಳುತ್ತಿತ್ತು.

"ನಿನ್ ಕೈಗೆ ಎಡಗಡೆ ಕಂಡ್ರೆ ಭಯ ಕಣಮ್ಮ" ಎನ್ನುತ್ತಿದ್ದರು ವೆಂಕಟಯ್ಯ. ಭಯ ಹೋಗಲು ಏನು ಮಾಡಬೇಕೆಂದು ಅವರಿಗೂ ಹೇಳಲು ಬರುತ್ತಿರಲಿಲ್ಲ. ಅವರ ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ. ತಾವೇ ಎಳೆದು ತೋರಿಸುತ್ತಿದ್ದರು, "ಹಿಂಗೆ" ಎನ್ನುತ್ತಿದ್ದರು. ಅವಳು ನೋಡುತ್ತಿದ್ದಳು. ಮತ್ತೆ ಗಂಟು.

ಮಾಗಡಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ರೇಣುಕಾಪ್ರಸಾದ್ ಒಂದು ಹಳೇ ಬುಲೆಟ್ಟು ತಂದದ್ದು ಆ ದಿನಗಳಲ್ಲೇ. ತಂದೆಯ ಕಾಲದ ಗಾಡಿ. ಕಪ್ಪು ಬಣ್ಣ ಹೊಸದಾಗಿ ಹೊಡೆಸಿ ಕನ್ನಡಿಯಂತೆ ಮಾಡಿದ್ದರು. ಭಾನುವಾರ ಬೆಂಗಳೂರಿನಲ್ಲಿ ಹಳೇ ಬುಲೆಟ್ಟುಗಳ ರ‍್ಯಾಲಿ. ಅಷ್ಟರೊಳಗೆ ಟ್ಯಾಂಕಿನ ಎರಡೂ ಮಗ್ಗುಲಿಗೆ ಚಿನ್ನದ ಬಣ್ಣದ ಗೆರೆ ಬೇಕಿತ್ತು. "ಕೈಯಲ್ಲೇ ಎಳೀಬೇಕು ವೆಂಕಟಯ್ಯ. ಸ್ಟಿಕ್ಕರ್ ಆಗಿದ್ರೆ ಮಾಗಡೀಲೇ ಹಾಕಿಸ್ತಿದ್ದೆ" ಎಂದು ಹೇಳಿ ಹೋದರು.

ಗುರುವಾರ ವೆಂಕಟಯ್ಯ ಕೆಲಸಕ್ಕೆ ಕೂತರು. ಬಲಮಗ್ಗುಲ ಗೆರೆ ಮುಗಿಸುವಷ್ಟರಲ್ಲಿ ಮಧ್ಯಾಹ್ನದ ಅಜಾನ್ ಕೇಳಿತು. ಖತೀಜಾ ಒಳಗೆ ಹೋಗಿ ನಮಾಜು ಮುಗಿಸಿ ಬರುವವರೆಗೆ ಅವರು ಹೊರಗೆ ಬೀಡಿ ಸೇದುವುದು ವಾಡಿಕೆ. ಅವಳು ಬಂದಾಗ ಎಡಮಗ್ಗುಲಿಗೆ ಕೂತು ಬ್ರಷ್ಷನ್ನು ಚಿನ್ನದ ಬಣ್ಣದಲ್ಲಿ ಹೊರಳಿಸುತ್ತಿದ್ದರು. ತನಗೆ ಬಾರದ ಮಗ್ಗುಲಾದ್ದರಿಂದ ಅವಳು ಹತ್ತಿರ ಹೋಗಿ ಬಗ್ಗಿ ನೋಡಿದಳು.

ಗೆರೆ ಹೊರಟಿತು. ಮೂಗಿನಿಂದ ಚೆನ್ನಾಗಿಯೇ ಬಂತು. ತಗ್ಗಿನ ಮೇಲೆ ಏರಬೇಕಾದಲ್ಲಿ ಏರಲಿಲ್ಲ. ಮೆಲ್ಲಗೆ ಕೆಳಗಿಳಿಯಿತು, ಇಳಿದು ಟ್ಯಾಂಕಿನ ಅಂಚಿನವರೆಗೂ ಹೋಯಿತು.

ಇಷ್ಟು ತಿಂಗಳಲ್ಲಿ ಅವರ ಗೆರೆ ಒಮ್ಮೆಯೂ ಹೀಗೆ ಬಿದ್ದದ್ದನ್ನು ಅವಳು ಕಂಡಿರಲಿಲ್ಲ. ಕೂದಲೆಳೆಯಷ್ಟು ತಪ್ಪಿದರೂ ಬಣ್ಣ ಹಸಿಯಿರುವಾಗಲೇ ಒರೆಸುವ ಮನುಷ್ಯ. ಈಗ ಒರೆಸಲಿಲ್ಲ. ಗೆರೆಯನ್ನು ನೋಡುತ್ತಾ, "ಬ್ರಷ್ ಕೆಟ್ಟೋಗೈತೆ" ಎಂದರು. ಬೇರೆ ಬ್ರಷ್ಷು ತೆಗೆದುಕೊಂಡು ಬಿದ್ದ ಗೆರೆಯ ಪಕ್ಕದಲ್ಲೇ ಇನ್ನೊಂದು ಎಳೆದರು. ಅದೂ ಅದೇ ಜಾಗದಲ್ಲಿ ಬಿತ್ತು.

"ಅಣ್ಣ, ಒಸಿ ನಿಲ್ಸಿ."

"ಯಾಕೆ?"

"ಗೆರೆ ಬಿದ್ದೋಗ್ತೈತೆ."

"ಎಲ್ಲಿ ಬಿದ್ದೈತೆ? ಸರಿಯಾಗೇ ಐತೆ. ನಂಗೇ ಏಳ್ಕೊಡಾಕೆ ಬಂದ್ಬುಟ್ಯಾ?" ಕೊನೆಯ ಮಾತುಗಳು ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡವರ ಹಾಗೆ ಹೊರಳಿದವು. ಬಾಯಲ್ಲಿ ಏನೂ ಇರಲಿಲ್ಲ.

ಖತೀಜಾಳಿಗೆ ಹಳೆಯದೊಂದು ನೆನಪಾಯಿತು. ಅವಳ ಅಬ್ಬಾ ತಾಜ್ ಪಾಷಾರ ಕೈಯಿಂದ ಒಂದು ಮಧ್ಯಾಹ್ನ ಟೀ ಲೋಟ ಜಾರಿತ್ತು. ಸುಸ್ತು ಎಂದುಕೊಂಡು ಎಲ್ಲರೂ ಸೇರಿ ಮಲಗಿಸಿದ್ದರು. ಎದ್ದಾಗ ಅವರಿಗೆ ಮಾತಿರಲಿಲ್ಲ. ಆಮೇಲೆ ಬದುಕಿದ್ದಷ್ಟು ದಿನವೂ ಇರಲಿಲ್ಲ.

"ಮುನೇಶಣ್ಣ! ಬನ್ನಿ ಇಲ್ಲಿ!"

ಮುನೇಶ್ ಟಯರು ಬಿಟ್ಟು ಬಂದ. ವೆಂಕಟಯ್ಯನವರನ್ನು ನೋಡಿ, "ಬಿಸ್ಲು ಕಣಕ್ಕ. ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ. ಒಸಿ ಮಜ್ಜಿಗೆ ಕುಡ್ದು ಮನಿಕ್ಕಳ್ಳಿ, ಸರೋಯ್ತದೆ" ಎಂದ.

"ಮಲಗಿಸ್ಬ್ಯಾಡಿ. ಆಸ್ಪತ್ರೆಗೆ ಹೋಗ್ಬೇಕು."

"ಗೆರೆ ಸೊಟ್ಟ ಆದ್ರೆ ಆಸ್ಪತ್ರೆಗೋಗ್ತಾರಾ? ಎಲ್ರಿಗೂ ಆಯ್ತದೆ."

"ಇವ್ರಿಗೆ ಆಗಲ್ಲ" ಎಂದಳು ಖತೀಜಾ.

ವೆಂಕಟಯ್ಯನವರಿಗೆ ಸಿಟ್ಟು ಬಂತು. ನಾಳೆ ಗಾಡಿಯವರು ಬರುತ್ತಾರೆ, ಮುಗಿಸಬೇಕು ಎಂದು ಏನೋ ಹೇಳಿದರು. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಮತ್ತೆ ಟ್ಯಾಂಕಿನ ಕಡೆ ಬಲಗೈ ಚಾಚಿದರು. ಮುನೇಶ್ ಆಗ ಆ ಕೈಯನ್ನು ನೋಡಿದ. ಬ್ರಷ್ಷು ಯಾವಾಗಲೋ ಜಾರಿ ಮಣ್ಣಿಗೆ ಬಿದ್ದಿತ್ತು. ಬೆರಳುಗಳು ಮಾತ್ರ ಬ್ರಷ್ಷು ಹಿಡಿದ ಹಾಗೆಯೇ ಮಡಚಿಕೊಂಡು, ಬರಿಗಾಳಿಯನ್ನು ಹಿಡಿದುಕೊಂಡು ಟ್ಯಾಂಕಿಗೆ ತಾಗಿದ್ದವು. ಅದು ಅವರಿಗೆ ಗೊತ್ತೇ ಆಗಿರಲಿಲ್ಲ.

ಮುನೇಶ್, "ಅಯ್ಯೋ ಶಿವನೇ" ಎಂದು ಓಡಿಹೋಗಿ ಅವರ ಹೆಗಲು ಹಿಡಿದುಕೊಂಡ.

ಸಾದಿಕ್ ಚನ್ನಪಟ್ಟಣ ಬಸ್‌ಸ್ಟ್ಯಾಂಡಿನಲ್ಲಿ ಸರದಿಯಲ್ಲಿದ್ದ. ಫೋನು ಬಂದ ತಕ್ಷಣ ಹತ್ತಿದ್ದ ಹೆಂಗಸರನ್ನು ಕೈಮುಗಿದು ಇಳಿಸಿ ಬಂದ. ಇಬ್ಬರು ಗಂಡಸರು ಸೇರಿ ವೆಂಕಟಯ್ಯನವರನ್ನು ಆಟೋದಲ್ಲಿ ಕೂರಿಸುವಷ್ಟರಲ್ಲಿ ಅವರ ಬಲಗಾಲು ನೆಲದ ಮೇಲೆ ಎಳೆಯುತ್ತಿತ್ತು. ಮುನೇಶ್ ಒಂದು ಪಕ್ಕ, ಖತೀಜಾ ಇನ್ನೊಂದು ಪಕ್ಕ.

ದೊಡ್ಡಾಸ್ಪತ್ರೆ ಇದ್ದ ರಾಮನಗರದ ದಾರಿ ಆವತ್ತಿನಷ್ಟು ಉದ್ದ ಎಂದೂ ಇರಲಿಲ್ಲ. ಒಂದು ಕಡೆ ಮರದ ದಿಮ್ಮಿ ಹೇರಿದ ಲಾರಿಯೊಂದು ರಸ್ತೆಗೆ ಅಡ್ಡ ನಿಂತು ಹಿಂದಕ್ಕೆ ಬರುತ್ತಿತ್ತು. ಸಾದಿಕ್ ಹಾರ್ನ್ ಒತ್ತಿಹಿಡಿದ. ಲಾರಿಯ ಕ್ಲೀನರ್ ಕೈ ಅಲ್ಲಾಡಿಸಿ ಬೈದ. ಮುನೇಶ್ ತಲೆ ಹೊರಗೆ ಹಾಕಿ, "ಲೇ, ಪೇಶೆಂಟ್ ಐತೆ ಕಣ್ಲಾ, ತೆಗೀಲಾ ಗಾಡಿ!" ಎಂದು ಕಿರುಚಿದ. ವೆಂಕಟಯ್ಯನವರ ಬಾಯಿ ಒಂದು ಪಕ್ಕಕ್ಕೆ ವಾಲಿ ಜೊಲ್ಲು ಸುರಿಯುತ್ತಿತ್ತು. ಖತೀಜಾ ದುಪಟ್ಟಾದಲ್ಲಿ ಒರೆಸಿದಳು. ಅವರು ಒಂದೇ ಒಂದು ಮಾತನ್ನು ಮತ್ತೆ ಮತ್ತೆ ಹೇಳಲು ನೋಡುತ್ತಿದ್ದರು. ಹೆಂಡತಿಯ ಹೆಸರಿರಬಹುದು ಎನಿಸಿ ಅವಳು, "ಕಾವೇರಮ್ಮಕ್ಕಂಗೆ ಫೋನ್ ಮಾಡ್ತೀನಿ ಅಣ್ಣ, ಬತ್ತಾರೆ" ಎಂದಳು. ಅವರು ಸುಮ್ಮನಾದರು.

ಆಸ್ಪತ್ರೆಯಲ್ಲಿ ನರ್ಸು ಕೇಳಿದಳು, "ನೀವೇನಾಗ್ಬೇಕು? ಮಗಳಾ?"

"ಇಲ್ಲ. ಕೆಲ್ಸ ಕಲಿಯೋಳು."

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಸ್ಕ್ಯಾನಿಗೆ ಕಳಿಸುತ್ತಲೇ ಖತೀಜಾಳ ಕಡೆ ತಿರುಗಿ, "ಯಾವಾಗ ಶುರುವಾಯ್ತು? ಅಂದಾಜು ಹೇಳ್ಬೇಡಿ. ಕೊನೇ ಸಲ ಪೂರ್ತಿ ಸರಿಯಾಗಿದ್ದದ್ದು ಯಾವಾಗ? ಇಂಜೆಕ್ಷನ್ ಕೊಡಬಹುದಾ ಇಲ್ವಾ ಅನ್ನೋದು ಅದರ ಮೇಲಿದೆ" ಎಂದರು.

"ಅಜಾನ್ ಕೂಗಿದಾಗ ಚೆನ್ನಾಗಿದ್ರು ಮೇಡಮ್. ಆಗ ಎಳೆದ ಗೆರೆ ನೆಟ್ಟಗೈತೆ. ನಾನು ನಮಾಜ್ ಮುಗಿಸಿ ಬಂದ್ಮೇಲೆ ಎಳೆದದ್ದು ಬಿದ್ದೋಯ್ತು. ಆ ಮಧ್ಯದಲ್ಲೇ ಆಗಿರೋದು."

ಯಾವ ಗೆರೆ ಎಂದು ಡಾಕ್ಟರು ಕೇಳಲಿಲ್ಲ. ಗಡಿಯಾರ ನೋಡಿ ಬೇಗ ಬೇಗ ಒಳಗೆ ಹೋದರು. ಸ್ಕ್ಯಾನ್ ಆಗಿ ಹೊರಬಂದಾಗ ಅವರ ದನಿ ಇನ್ನೂ ಗಡುಸಾಗಿತ್ತು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಕರಗಿಸುವ ಇಂಜೆಕ್ಷನ್ ಕೊಡಬೇಕು. ಆದರೆ ಕೆಲವರಿಗೆ ಅದರಿಂದಲೇ ತಲೆಯೊಳಗೆ ರಕ್ತಸ್ರಾವ ಆಗುವುದೂ ಉಂಟು. ಮನೆಯವರು ಒಪ್ಪಬೇಕು, ಹೊತ್ತು ಕಳೆಯುವ ಹಾಗಿಲ್ಲ.

ಸುದ್ದಿ ಕೇಳಿ ಕಾವೇರಮ್ಮ ತಮ್ಮೂರು ಹೊಂಗನೂರಿನಿಂದ ಬಸ್ಸು ಹತ್ತಿ ಬರುತ್ತಿದ್ದರು. ಖತೀಜಾ ಮತ್ತೆ ಫೋನು ಮಾಡಿದಳು. ಬಸ್ಸಿನ ಗದ್ದಲದಲ್ಲಿ ಅರ್ಧ ಮಾತು ಕತ್ತರಿಸಿ ಹೋಗುತ್ತಿತ್ತು. ಡಾಕ್ಟರು ಹೇಳಿದ್ದನ್ನು ಅವಳು ಹೇಳಿದಳು, ಒಳ್ಳೆಯದನ್ನೂ ಕೆಟ್ಟದ್ದನ್ನೂ. ಆ ಕಡೆಯಿಂದ ಬರೀ ಬಸ್ಸಿನ ಸದ್ದು. ಆಮೇಲೆ ಕಾವೇರಮ್ಮನ ದನಿ ಬಂತು: "ಬೆಳಿಗ್ಗೆ ಮುದ್ದೆ ಉಂಡ್ಕೊಂಡು ಚೆಂದಾಗೇ ಬಂದ್ರಲ್ಲಮ್ಮ... ನಂಗೇನ್ ಗೊತ್ತಾಯ್ತದೆ? ಕಣ್ಮುಂದೆ ನೋಡ್ತಿರೋಳು ನೀನು. ನೀನೇ ಏಳು, ಏನ್ ಮಾಡನ?"

ಖತೀಜಾ ಬಾಗಿಲ ಗಾಜಿನಿಂದ ಒಳಗೆ ನೋಡಿದಳು. ವೆಂಕಟಯ್ಯನವರ ಬಲಗೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ಉಗುರಿನ ಸಂದಿಯಲ್ಲಿ ಚಿನ್ನದ ಬಣ್ಣ. ನಾಳೆ ಏನಾದರೂ ಹೆಚ್ಚು ಕಡಿಮೆಯಾದರೆ ಈ ಮಾತು ಯಾರ ತಲೆಗೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. "ಹಾಕಿಸ್ಬೇಕು ಅಕ್ಕ" ಎಂದಳು.

"ಹಾಕ್ಸು ಮತ್ತೆ" ಎಂದರು ಕಾವೇರಮ್ಮ. ಡಾಕ್ಟರೂ ಆ ಫೋನಿನಲ್ಲೇ ಅವರ ಒಪ್ಪಿಗೆ ಕೇಳಿಕೊಂಡರು.

ಆಮೇಲೆ ಕಾಯುವುದಷ್ಟೇ ಉಳಿಯಿತು. ಕಾವೇರಮ್ಮ ಬಂದು ಬೆಂಚಿನ ತುದಿಯಲ್ಲಿ ಕೂತರು. ಖತೀಜಾ ಹತ್ತಿರ ಹೋಗಿ ಕೂರಲು ಹೆದರಿ ನಿಂತೇ ಇದ್ದಳು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಡಾಕ್ಟರು ಹೊರಬಂದು, ಜೀವಕ್ಕೆ ಅಪಾಯವಿಲ್ಲ, ಕಾಲು ಆಡಿಸುತ್ತಿದ್ದಾರೆ, ಮಾತು ನಿಧಾನವಾಗಿ ಬರಬಹುದು, ಕೈ ಬಗ್ಗೆ ಈಗಲೇ ಏನೂ ಹೇಳುವುದಿಲ್ಲ ಎಂದರು. ಕಾವೇರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಕೈ ಚಾಚಿ ಖತೀಜಾಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು.

ಶುಕ್ರವಾರ ಬೆಳಿಗ್ಗೆ ಖತೀಜಾ ಶೆಡ್ಡಿನ ಬಾಗಿಲು ತೆಗೆದಾಗ ರೇಣುಕಾಪ್ರಸಾದ್ ಆಗಲೇ ಬಂದು ನಿಂತಿದ್ದರು. ವಿಷಯ ಕೇಳಿ ಅವರಿಗೂ ನೋವಾಯಿತು. ಆದರೆ ಟ್ಯಾಂಕಿನ ಎಡಮಗ್ಗುಲು ಕಂಡಾಗ ಮುಖ ಕೆಟ್ಟಿತು. ಕನ್ನಡಿಯಂಥ ಕಪ್ಪಿನ ಮೇಲೆ, ಇಳಿದು ಹೋದ ಎರಡು ಚಿನ್ನದ ಗೆರೆಗಳು ರಾತ್ರಿಯೆಲ್ಲ ಒಣಗಿ ಕೂತಿದ್ದವು.

"ಇದನ್ನೀಗ ಏನ್ಮಾಡ್ಲಿ? ಬೇರೆ ಯಾರಿದಾರೆ ಕೈಯಲ್ಲಿ ಎಳೆಯೋರು?"

"ಯಾರೂ ಇಲ್ಲ ಸಾರ್. ನಾನು ಕಲೀತಾ ಇದೀನಿ. ಗಿರಾಕಿ ಗಾಡಿ ಮೇಲೆ ಇನ್ನೂ ಎಳೆದಿಲ್ಲ." ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. "ಎಡಗಡೆ ನಂಗೆ ಸರಿಯಾಗಿ ಬರಲ್ಲ. ಆದ್ರೂ ನೀವು ಹೂಂ ಅಂದ್ರೆ ಎಳೀತೀನಿ. ಸರಿ ಬರ್ದಿದ್ರೆ ಹಸೀಲೇ ಒರೆಸಿ ಕೊಡ್ತೀನಿ."

ಅವರು ಬಹಳ ಹೊತ್ತು ಬಲಮಗ್ಗುಲ ಗೆರೆಯನ್ನು ನೋಡಿದರು. "ವೆಂಕಟಯ್ಯ ಏನಂತಾರೆ, ಕೇಳ್ಕೊಂಡು ಬನ್ನಿ. ನಾಳೆ ಬತ್ತೀನಿ. ಅವರು ಬೇಡ ಅಂದ್ರೆ ನಾನು ಸ್ಟಿಕ್ಕರ್ ಹಾಕಿಸ್ಕೊಂಡು ಹೋಗ್ತೀನಿ."

ವೆಂಕಟಯ್ಯನವರಿಗೆ ಎಚ್ಚರವಿತ್ತು. ಖತೀಜಾ ಮಂಚದ ಪಕ್ಕ ನಿಂತು ವಿಷಯ ಹೇಳಿದಳು. ಅವರು ಕಣ್ಣು ಮುಚ್ಚಿದರು. "ಬ್ಯಾ..." ಎಂದರು. ಬ್ಯಾಡ ಎಂದೇ ಅವಳಿಗೆ ಕೇಳಿಸಿತು. ಕಾವೇರಮ್ಮ, "ಅಲ್ಲ ಕಣ್ರೀ, ಆ ಹೆಣ್ಮಗಳು ಕೇಳ್ತಾ ಅವಳೆ" ಎಂದು ಏನೋ ಹೇಳಹೊರಟವರು ನಿಲ್ಲಿಸಿದರು. ಖತೀಜಾ ತಲೆತಗ್ಗಿಸಿ, "ಆಯ್ತು ಅಣ್ಣ. ಬ್ಯಾಡ ಅಂದ್ರೆ ಬ್ಯಾಡ" ಎಂದು ಹೊರಡಲು ತಿರುಗಿದಳು.

ಹಿಂದಿನಿಂದ ಮಂಚ ಕಟಕಟ ಸದ್ದು ಮಾಡಿತು. ವೆಂಕಟಯ್ಯ ಎಡಗೈಯಿಂದ ಮಂಚದ ಕಂಬಿ ಬಡಿಯುತ್ತಿದ್ದರು. ಅವಳು ಹತ್ತಿರ ಬಂದ ಮೇಲೆ ತೋರುಬೆರಳನ್ನು ಹಾಸಿಗೆಯ ಬಟ್ಟೆಯ ಮೇಲಿಟ್ಟು ಎಳೆಯತೊಡಗಿದರು. ನೆಟ್ಟಗೆ ಸ್ವಲ್ಪ ದೂರ, ಆಮೇಲೆ ನಿಧಾನ, ಇನ್ನೂ ನಿಧಾನ. ಏರುವ ಜಾಗ ಬಂತು. ಅಲ್ಲಿ ಬೆರಳು ನಿಲ್ಲಲಿಲ್ಲ. ಸರಕ್ಕನೆ ತಿರುವು ದಾಟಿ ಇಳಿದುಹೋಯಿತು. ಅವಳ ಮುಖ ನೋಡಿದರು. ಮತ್ತೆ ಮೊದಲಿನಿಂದ ಎಳೆದರು.

ಮೂರನೆಯ ಸಲ ಎಳೆಯುವಾಗ ಖತೀಜಾಳಿಗೆ ಹೊಳೆಯಿತು. ಅವಳು ನಿಧಾನ ಮಾಡುತ್ತಿದ್ದುದು ತಿರುವಿನೊಳಗೆ. ಹೆದರಿ ಅಲ್ಲೇ ತಡೆಯುತ್ತಿದ್ದಳು, ಬಣ್ಣ ಅಲ್ಲೇ ಗಂಟಾಗುತ್ತಿತ್ತು. ಅವರು ನಿಧಾನ ಮಾಡುತ್ತಿದ್ದುದು ತಿರುವಿಗೆ ಮೊದಲು. ತಿರುವಿನಲ್ಲಿ ತಡೆಯುವುದೇ ಇಲ್ಲ. ಇಷ್ಟು ತಿಂಗಳು ಕಣ್ಣೆದುರೇ ನಡೆದದ್ದು, ಬ್ರಷ್ಷು ಬಣ್ಣ ಯಾವುದೂ ಇಲ್ಲದೆ ಬರೀ ಒಂದು ಬೆರಳು ಹರಿದಾಗ ಕಾಣಿಸಿತು.

"ಮುಂಚೆ ನಿಧಾನ, ತಿರುವಲ್ಲಿ ಬುಟ್ಬುಡೋದು. ಅಲ್ವಾ ಅಣ್ಣ?"

ವೆಂಕಟಯ್ಯ ಕಣ್ಣು ಮಿಟುಕಿಸಿ ದಿಂಬಿಗೆ ತಲೆಯಿಟ್ಟರು.

ಶನಿವಾರ ಅವಳು ಮೊದಲು ಬಿದ್ದ ಗೆರೆಗಳನ್ನು ತೆಗೆಯಲು ಕೂತಳು. ಬಟ್ಟೆಯ ತುದಿಗೆ ಥಿನ್ನರ್ ಮುಟ್ಟಿಸಿ, ಹಿಂಡಿ, ಗೆರೆಯ ಮೇಲಷ್ಟೇ ಸವರಬೇಕು. ಜಾಸ್ತಿಯಾದರೆ ಕೆಳಗಿನ ಕಪ್ಪು ಮೆತ್ತಗಾಗಿ ಟ್ಯಾಂಕೇ ಹಾಳು. ಅವಳ ಬೆರಳಿಗೆ ಒದ್ದೆ ಎಷ್ಟಿದೆಯೆಂದು ತಿಳಿಯದು. ಪ್ರತಿ ಸಲವೂ ಬಟ್ಟೆಯನ್ನು ಮುಂಗೈಗೆ ತಾಗಿಸಿ ನೋಡಿ, ಆಮೇಲೆ ಟ್ಯಾಂಕಿಗೆ ತಾಗಿಸಿದಳು. ಚಿನ್ನ ಸ್ವಲ್ಪ ಸ್ವಲ್ಪವಾಗಿ ಬಿಟ್ಟಿತು. ಒಂದು ಕಡೆ ಕಪ್ಪು ಮಂಕಾದಂತೆ ಕಂಡಿತು. ಒಣಬಟ್ಟೆಯಲ್ಲಿ ಉಜ್ಜಿದಾಗ ಹೊಳಪು ಮರಳಿತು.

ರೇಣುಕಾಪ್ರಸಾದ್ ಅವಳ ಬೆನ್ನ ಹಿಂದೆ ನಿಂತಿದ್ದರು. ಮುನೇಶ್ ತನ್ನ ಕಂಪ್ರೆಸ್ಸರ್ ಆರಿಸಿದ. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಅದರಿಂದ ನೆಲ ಅದುರುವುದು ನಿಲ್ಲುವವರೆಗೆ ಕಾದು ಅವಳು ಬ್ರಷ್ಷು ಇಟ್ಟಳು.

ಮೂಗಿನಿಂದ ಹೊರಟಳು. ತಗ್ಗು ಹತ್ತಿರವಾಯಿತು. ನಿಧಾನ ಮಾಡಿದಳು. ತಿರುವು ಬಂದಾಗ ಬಿಡಬೇಕಿತ್ತು, ಕೈ ಬಿಡಲಿಲ್ಲ. ಗಂಟು ಬಿತ್ತು.

ರೇಣುಕಾಪ್ರಸಾದ್ ಗಂಟಲು ಸರಿಮಾಡಿಕೊಂಡರು. ಅವಳು ತಿರುಗಿ ನೋಡದೆ ಒರೆಸಿದಳು. ಎಡ ಮುಂಗೈ ಚಾಚಿ, ಒಣ ಬ್ರಷ್ಷಿನಿಂದ ಅದೇ ತಿರುವನ್ನು ಚರ್ಮದ ಮೇಲೆ ಎಳೆದುಕೊಂಡಳು. ಗೀರಿತು. ಮತ್ತೆ ಎಳೆದಳು. ಕಚಗುಳಿಯಾಗುವವರೆಗೆ ಎಳೆಯುತ್ತಲೇ ಇದ್ದಳು.

"ಅಮ್ಮ, ಆಗದಿದ್ರೆ ಬಿಡಿ, ಪರವಾಗಿಲ್ಲ" ಎಂದರು ರೇಣುಕಾಪ್ರಸಾದ್.

"ಇನ್ನೊಂದ್ಸಲ ಸಾರ್."

ಬ್ರಷ್ಷು ತಾಗಿತು. ಈ ಸಲ ಅವಳು ಬ್ರಷ್ಷನ್ನು ನೋಡಲಿಲ್ಲ, ಗೆರೆ ಹೋಗಿ ಸೇರಬೇಕಾದ ಸೀಟಿನ ಅಂಚನ್ನು ನೋಡಿದಳು. ನಿಧಾನ, ಇನ್ನೂ ನಿಧಾನ. ಏರು ಬಂತು. ಮೊಣಕಾಲಿನ ಮೇಲೆ ಇಡೀ ಮೈಯನ್ನು ವಾಲಿಸಿ ಬಿಟ್ಟುಬಿಟ್ಟಳು. ಬ್ರಷ್ಷು ತಿರುವು ದಾಟಿ ಇಳಿದು, ಸೀಟಿನ ಹತ್ತಿರ ತೆಳ್ಳಗಾಗಿ ಮೇಲೆದ್ದಿತು.

ರೇಣುಕಾಪ್ರಸಾದ್ ಗಾಡಿಯ ಮುಂದೆ ಹೋಗಿ ಕುಕ್ಕರಿಸಿ, ಒಂದು ಕಣ್ಣು ಮುಚ್ಚಿ, ಎರಡೂ ಮಗ್ಗುಲನ್ನು ಒಟ್ಟಿಗೆ ನೋಡಿದರು. ತಲೆ ಅತ್ತ ವಾಲಿಸಿದರು, ಇತ್ತ ವಾಲಿಸಿದರು. ಎದ್ದು ನಿಂತು, "ಒಣಗೋಕೆ ಎಷ್ಟು ಹೊತ್ತಮ್ಮ?" ಎಂದರು.

ಖತೀಜಾ ಬ್ರಷ್ಷನ್ನು ಥಿನ್ನರಿನಲ್ಲಿ ಅದ್ದಿ ತೊಳೆಯತೊಡಗಿದಳು. ಮುನೇಶನೇ, "ಸಾಯಂಕಾಲ ತಕೊಂಡೋಗಿ ಸಾರ್" ಎಂದ.

ಆ ಸಂಜೆ ಆಸ್ಪತ್ರೆಯಲ್ಲಿ ಅವಳು ಫೋನಿನಲ್ಲಿ ತೆಗೆದ ಚಿತ್ರವನ್ನು ವೆಂಕಟಯ್ಯನವರ ಮುಂದೆ ಹಿಡಿದಳು. ಅವರು ನೋಡಿದರು, ನೋಡುತ್ತಲೇ ಇದ್ದರು. ಆಮೇಲೆ ಎಡಗೈ ಬೆರಳನ್ನು ಎತ್ತಿ, ಸೀಟಿನ ಹತ್ತಿರ ಗೆರೆ ಮುಗಿಯುವ ಜಾಗವನ್ನು ಮುಟ್ಟಿದರು. ಅಲ್ಲಿ ಅದು ಅಕ್ಕಿಕಾಳಿನಷ್ಟು ದೂರ ಮೊದಲೇ ತೆಳ್ಳಗಾಗಿತ್ತು. ರೇಣುಕಾಪ್ರಸಾದರಿಗೂ ಕಂಡಿರಲಿಲ್ಲ, ಅವಳಿಗೂ ಕಂಡಿರಲಿಲ್ಲ. ಖತೀಜಾಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಬದುಕಿಕೊಂಡ್ರು ಬುಡು" ಎಂದರು ಕಾವೇರಮ್ಮ.

ವೆಂಕಟಯ್ಯನವರ ಬಲಗೈ ಪೂರ್ತಿ ಮರಳಲಿಲ್ಲ. ಲೋಟ ಹಿಡಿಯುತ್ತಾರೆ, ಬ್ರಷ್ಷು ನಿಲ್ಲುವುದಿಲ್ಲ. ಮಾತು ತಡವರಿಸಿಕೊಂಡು ಬರುತ್ತದೆ. ವಾರಕ್ಕೆರಡು ದಿನ ಸಾದಿಕ್ ಹೊಂಗನೂರಿನಿಂದ ಅವರನ್ನು ಶೆಡ್ಡಿಗೆ ಕರೆತರುತ್ತಾನೆ. ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕೆಲಸ ಮೊದಲಿನಷ್ಟು ಬರುತ್ತಿಲ್ಲ. ಗೆರೆ ಎಳೆಯುವವಳು ಹೆಂಗಸೆಂದು ಕಂಡು ಹಿಂದಿರುಗಿದವರೂ ಇದ್ದಾರೆ. ಖತೀಜಾಳ ಎಡಮಗ್ಗುಲ ತಿರುವು ಈಗಲೂ ಒಂದೊಂದು ದಿನ ಕೈಕೊಡುತ್ತದೆ.

ಮೊನ್ನೆ ಹಾರೋಹಳ್ಳಿ ಕಡೆಯ ಲಾರಿ ಮಾಲೀಕನೊಬ್ಬ ಹೊಸ ಲಾರಿ ತಂದು ನಿಲ್ಲಿಸಿದ. ಉದ್ದನೆಯ ಮೈ, ಎರಡೂ ಕಡೆ ಕೆಂಪು ಗೆರೆ ಬೇಕು. ವೆಂಕಟಯ್ಯನವರನ್ನು ಕಂಡು ನಮಸ್ಕಾರ ಹಾಕಿ, ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಬಲಗೈಯನ್ನು ಕಂಡು ಅನುಮಾನಿಸಿದ.

"ಯಾರಣ್ಣ ಎಳೆಯೋರು ಈಗ?"

ವೆಂಕಟಯ್ಯ ಮಾತು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡರು. "ಕತೀಜಮ್ಮ" ಎಂದರು. ಆತ ಇನ್ನೂ ನಿಂತೇ ಇದ್ದುದನ್ನು ನೋಡಿ, ರೇಗಿ, "ನಿಂಗೆ... ಗೆರೆ ಬೇಕೋ... ಬ್ಯಾಡ್ವೋ?" ಎಂದರು.

ಆತ ಲಾರಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಕೀಲಿ ಕೊಟ್ಟು ಟೀ ಕುಡಿಯಲು ಹೋದ. ಖತೀಜಾ ಮುಂದಿನ ಚಕ್ರದ ಹತ್ತಿರ ಕುಕ್ಕರಿಸಿ ಕೆಂಪು ಬಣ್ಣ ಕಲಸತೊಡಗಿದಳು.